ಮನೆಯಲ್ಲಿ ಇಲ್ಲದವರ ಪಟ್ಟಿ

ಕ್ರಾನ್‌ಬರ್ನ್, ಮೆಲ್ಬರ್ನ್
೧೦ ಆಗಸ್ಟ್ ೨೦೦೬

ಪ್ರೀತಿಯ ಮಗ ರಿತೇಶ್‌ಗೆ ಅಮ್ಮನ ಆಶೀರ್ವಾದಗಳು.

ನಿನ್ನ ಕೆಮ್ಮು ಕಡಿಮೆಯಾಯಿತೇ? ಕಾಳುಮೆಣಸಿನ ಕಷಾಯ ಮಾಡಿಕೋ ಎಂದಿದ್ದೆ, ನೀನು ಮಾಡಿರುವುದಿಲ್ಲ, ನನಗೆ ಗೊತ್ತು. ನನ್ನ ಮೊಣಕಾಲು ಈ ಚಳಿಗೆ ಹಟ ಹಿಡಿದಿದೆ, ಬಿಟ್ಟರೆ ಆರೋಗ್ಯ. ಫೋನಿನಲ್ಲಾದರೆ ಎರಡೇ ನಿಮಿಷಕ್ಕೆ "ಮೀಟಿಂಗ್ ಉಂಟಮ್ಮ" ಅನ್ನುತ್ತೀ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಬಾಯಿಗೆ ತುಳು ಬಂದರೂ ಪೆನ್ನು ಹಿಡಿದರೆ ನನಗೆ ಕನ್ನಡವೇ ಬರುವುದು, ಮೂವತ್ತು ವರ್ಷ ಶಾಲೆಯಲ್ಲಿ ಕಲಿಸಿದ ಚಟ.

ಎರಡು ತಿಂಗಳ ಪ್ರಾಜೆಕ್ಟ್ ಎಂದು ನೀನು ಸಿಡ್ನಿಗೆ ಹೋಗಿ ನಾಲ್ಕು ತಿಂಗಳಾಯಿತು. ಅಲ್ಲಿನ ಕೆಲ್ಲಿವಿಲ್‌ನಲ್ಲಿ ಒಂದು ವರ್ಷದ ಲೀಸ್‌ಗೆ ಮನೆ ಹಿಡಿದಿರುವುದನ್ನು ಮೊನ್ನೆ ನಿನ್ನ ಬಾಯಿಂದಲೇ ಕೇಳಿದೆ. ಹೆಂಡತಿಗೆ ಹೇಳಿದ್ದೀಯಾ ಎಂದು ಕೇಳಿದರೆ "ಸ್ವಲ್ಪ ಟೈಮ್ ಬೇಕಮ್ಮ" ಎಂದೆ. ಕೊಲೀನ್ ನನ್ನ ಹತ್ತಿರ ಏನೂ ಕೇಳುವುದಿಲ್ಲ, ನಾನೂ ಹೇಳುವುದಿಲ್ಲ. ಬೆಳಿಗ್ಗೆ ಅವಳು ಹಲ್ಲಿನ ಡಾಕ್ಟರರ ಕ್ಲಿನಿಕ್ಕಿಗೆ, ಮಗಳು ಅಶ್ವಿತಾ ಶಾಲೆಗೆ. ಆಮೇಲೆ ಈ ಬೀದಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಹತ್ತು ಗಂಟೆಗೆ ಪೋಸ್ಟಿನವನ ಮೋಟಾರ್‌ಸೈಕಲ್ ಸದ್ದು ಕೇಳಿದರೆ ಕರ್ಟನ್ ಸರಿಸಿ ನಿಲ್ಲುತ್ತೇನೆ, ಅವನು ಕೈ ಎತ್ತುತ್ತಾನೆ. ಸಂಜೆಯವರೆಗೆ ನನಗೆ ಅಷ್ಟೇ ಮಾತುಕತೆ. ತುಂಬಾ ಬೇಸರವಾಗುತ್ತದೆ ಮಗಾ. ಕಳೆದ ಭಾನುವಾರ ಕೊಲೀನ್ ಎಲ್ಲೆಲ್ಲೋ ಅಲೆದು ನನಗೋಸ್ಕರ ಬೂತಾಯಿ ಮೀನು ತಂದಳು. ಇಲ್ಲಿನವರು ಅದನ್ನು ಗಾಳಕ್ಕೆ ಸಿಕ್ಕಿಸುತ್ತಾರಂತೆ, ಕೇಳಿದ್ದೀಯಾ! ಹುಳಿ-ಖಾರದ ಪುಳಿಮುಂಚಿ ಮಾಡಿದೆ. ಕಣ್ಣುಮೂಗಲ್ಲೆಲ್ಲ ನೀರು ಸುರಿಸಿಕೊಂಡು ತಿಂದಳು, ಪಾಪ.

ಅವಳ ಐರಿಷ್ ಹಿರಿಯರ ಹುಡುಕಾಟ ನಿನಗೆ ಗೊತ್ತಲ್ಲ, ಸತ್ತವರ ಹಿಂದೆ ಬಿದ್ದಿದ್ದಾಳೆ ಎಂದು ತಮಾಷೆ ಮಾಡುತ್ತಿದ್ದವನು ನೀನೇ. ನೀನು ಹೋದ ಮೇಲೆ ಅದು ಜಾಸ್ತಿಯಾಗಿದೆ. ಊಟದ ಮೇಜಿನಲ್ಲಿ ನೀನು ಕೂರುವ ಜಾಗದ ತುಂಬ ಕಾಗದದ ರಾಶಿ. ಅವಳ ಅಪ್ಪನ ಕಡೆಯ ಮರ್ಫಿ ಎಂಬ ಹೆಸರು (ನಮ್ಮ ಹಳೆಯ ರೇಡಿಯೋದ ಹೆಸರೇ!) ಹಿಡಿದು ಮೂರು ವರ್ಷ ಹುಡುಕಿದ್ದಾಳೆ. ಐರ್ಲೆಂಡಿನಲ್ಲಿ ಆ ಹೆಸರಿನವರು ಬೇಕಾದಷ್ಟು, ಆದರೆ ಯಾವ ಮನೆಯಲ್ಲಿ ಯಾರಿದ್ದರು ಎಂದು ಹೇಳುವ ಹಳೆಯ ಜನಗಣತಿಯ ಕಾಗದಗಳೇ ಇಲ್ಲ. ಕೆಲವನ್ನು ಸರಕಾರವೇ ನಾಶ ಮಾಡಿತಂತೆ. ಉಳಿದವು ೧೯೨೨ರಲ್ಲಿ ಡಬ್ಲಿನ್ನಿನ ದಾಖಲೆ ಕಚೇರಿಗೆ ಬೆಂಕಿ ಬಿದ್ದಾಗ ಬೂದಿಯಾದವಂತೆ.

ಕಳೆದ ತಿಂಗಳು ಅವಳು ನನ್ನ ಮುಂದೆ ದೊಡ್ಡ ಹಾಳೆ ಹಾಸಿ, ನಿಮ್ಮ ಅಕ್ಷರ ಚೆಂದ, ವಂಶವೃಕ್ಷ ಬರೆದುಕೊಡಿ ಎಂದಳು. ಕೆಳಗೆ ಅಶ್ವಿತಾ ಎಂದು ಬರೆದೆ. ಅದರ ಮೇಲೆ ಕೊಲೀನ್, ಅದರ ಮೇಲೆ ಅವಳ ತೀರಿಹೋದ ಅಮ್ಮ ಪೆಟ್ರೀಷಿಯಾ. ಆಮೇಲೆ ಪೆಟ್ರೀಷಿಯಾಳ ಅಮ್ಮ ಯಾರು ಎಂದು ಕೇಳಿದೆ. ಗಂಡಸರನ್ನೆಲ್ಲ ಬಿಟ್ಟೇಬಿಟ್ಟಿರಲ್ಲ ಅಮ್ಮ ಎಂದು ಅವಳು ನಕ್ಕಳು. ನನಗೆ ನಾಚಿಕೆಯಾಯಿತು. ನಮ್ಮಲ್ಲಿ ಕುಲದ ಹೆಸರು, ಆ ‘ಬರಿ’, ತಾಯಿಯಿಂದಲೇ ಬರುವುದಲ್ಲವೇ, ಕೈಗೆ ಅದೇ ರೂಢಿ. ನನ್ನ ಬಂಗೇರ ಬರಿ ನಿನಗೆ ಬಂದಿದೆ, ನಿನ್ನ ಮಗಳಿಗೆ ಬರುವುದಿಲ್ಲ. ಹೆಣ್ಣು ಹೆರದ ನನ್ನ ಬಳ್ಳಿ ನನ್ನಲ್ಲಿಗೇ ಮುಗಿಯಿತು. ಮಗು ತಾಯಿಯ ಮನೆಯವಳು. ಇದನ್ನೆಲ್ಲ ನನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದೆ. ಅವಳು ನಗು ನಿಲ್ಲಿಸಿ ಹಾಳೆಯನ್ನೇ ನೋಡಿದಳು. ತಾಯಿಯ ಕಡೆಯನ್ನು ಅವಳು ಹುಡುಕಿಯೇ ಇರಲಿಲ್ಲ.

ಅಂದಿನಿಂದ ಇಬ್ಬರೂ ಸೇರಿ ಕೂತೆವು. ಇಲ್ಲಿನ ಮರಣಪತ್ರದಲ್ಲಿ ಸತ್ತವರ ತಾಯಿಯ ಹೆಸರು, ಅವಳ ತವರಿನ ಹೆಸರು ಕೂಡ ಇರುತ್ತದೆ. ಒಂದೊಂದನ್ನೇ ತರಿಸಿ ಮೇಲೆ ಹತ್ತಿದೆವು. ಪೆಟ್ರೀಷಿಯಾಳ ಅಜ್ಜಿಯ ತಾಯಿ ಹೊನೊರಾ, ಐರ್ಲೆಂಡಿನ ಕ್ಲೇರ್ ಎಂಬ ಕಡೆಯಿಂದ ಹಡಗಿನಲ್ಲಿ ಒಬ್ಬಳೇ ಬಂದವಳು. ಲೈಬ್ರರಿಯಲ್ಲಿ ಹಳೆಯ ಚರ್ಚಿನ ಪುಸ್ತಕದ ಫಿಲ್ಮ್ ತಿರುಗಿಸುತ್ತಿದ್ದಾಗ ಅವಳ ನಾಮಕರಣದ ಸಾಲು ಸಿಕ್ಕಿತು, ೧೮೪೯. ತಾಯಿ ಮಾರ್ಗರೆಟ್, ತಂದೆ ಜಾನ್. ಕೊಲೀನ್ ಎಲ್ಲರೆದುರೇ ನನ್ನನ್ನು ತಬ್ಬಿಕೊಂಡಳು. ಆದರೆ ಆರು ವರ್ಷದ ಬಳಿಕ ಬರೆದ ಮನೆ-ಜಮೀನಿನ ಪುಸ್ತಕದಲ್ಲಿ ಅದೇ ಊರಿನ ಮನೆ ಮಾರ್ಗರೆಟ್ ಒಬ್ಬಳ ಹೆಸರಿನಲ್ಲಿದೆ. ಜಾನ್ ಸತ್ತನೋ, ದುಡಿಯಲು ಹೋದನೋ, ಬಿಟ್ಟೇ ಹೋದನೋ ತಿಳಿಯದು. ಆ ಕಾಲದ ಗಣತಿಯಲ್ಲಿ ಮನೆಯಿಂದ ದೂರ ಇರುವವರ ಹೆಸರಿಗೆ ಬೇರೆಯೇ ಪಟ್ಟಿ ಇತ್ತಂತೆ. ಅದೂ ಸುಟ್ಟುಹೋಗಿದೆ. ಇಷ್ಟು ಹೇಳಿದ ಕೊಲೀನ್ ಕಾಗದ ಮಡಚಿಟ್ಟು ಹಿತ್ತಲಿಗೆ ಹೋಗಿ, ಒಣಗಿಸಿ ತೆಗೆದಿದ್ದ ಬಟ್ಟೆಯನ್ನೇ ಮತ್ತೆ ತಂತಿಗೆ ಹಾಕಿದಳು. ಕಿಟಕಿಯಿಂದ ನೋಡುತ್ತಾ ನಿಂತೆ, ಹತ್ತಿರ ಹೋಗುವ ಧೈರ್ಯವಾಗಲಿಲ್ಲ. ಮಗ ನನ್ನವನಲ್ಲವೇ.

ನೀನು ಕಳಿಸಿದ ಸಿಡ್ನಿಯ ಟಿಕೆಟ್ ಬಂದಿದೆ. ನಾನು ಬರುವುದಿಲ್ಲ, ಕೋಪ ಮಾಡಬೇಡ. ನವೆಂಬರಿನಲ್ಲಿ ವೀಸಾ ಮುಗಿಯುವವರೆಗೆ ಇಲ್ಲೇ ಇರುತ್ತೇನೆ. ನಾನೂ ಹೊರಟರೆ ಅಶ್ವಿತಾ ಶಾಲೆಯಿಂದ ಬರುವಾಗ ಬಾಗಿಲು ತೆಗೆಯಲು ಯಾರೂ ಇರುವುದಿಲ್ಲ. ನಿನ್ನ ಮೇಲೆ ಸಿಟ್ಟಿದೆ, ನಿನ್ನ ಮುಖ ನೋಡಬೇಕೆಂಬ ಆಸೆಯೂ ಇದೆ. ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನಗೆ ಆರೋಗ್ಯ ಕೊಡಲಿ, ಜೊತೆಗೆ ಒಳ್ಳೆಯ ಬುದ್ಧಿಯನ್ನೂ ಕೊಡಲಿ.

ನಿನ್ನ ಅಮ್ಮ,
ಕುಸುಮಾವತಿ

ತಾ.ಕ.: ಪೋಸ್ಟಿಗೆ ಹೊತ್ತಾಯಿತು, ಬೇಗ ಬರೆಯುತ್ತೇನೆ. ಮಂಗಳವಾರ ಇಲ್ಲಿಯೂ ಜನಗಣತಿಯಲ್ಲವೇ, ಕೊಲೀನ್ ಫಾರ್ಮ್ ತುಂಬಲು ಕೂತಳು. ಅವಳ ಹೆಸರು, ಅಶ್ವಿತಾ, ಆಮೇಲೆ ನಾನು, ವಿಸಿಟರ್. ಕೊನೆಗೆ ಒಂದು ಪ್ರಶ್ನೆ: ಈ ಮನೆಯಲ್ಲೇ ವಾಸ ಇದ್ದು, ಈ ದಿನ ಮಾತ್ರ ಇಲ್ಲದವರು ಯಾರು? ಪೆನ್ನು ಹಿಡಿದುಕೊಂಡೇ ನನ್ನ ಕಡೆ ತಿರುಗಿ "ಷುಡ್ ಐ ಪುಟ್ ಹಿಮ್, ಅಮ್ಮ?" ಎಂದು ಕೇಳಿದಳು. ಲೀಸ್‌ನ ವಿಷಯ ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲ. ಆ ಜಾಗ ಇನ್ನೂ ಖಾಲಿ ಇದೆ. ನಾವು ಒಪ್ಪಿದರೆ ಹೆಸರುಗಳನ್ನು ತೊಂಬತ್ತೊಂಬತ್ತು ವರ್ಷ ಜೋಪಾನವಾಗಿ ಇಡುತ್ತಾರಂತೆ, ಅದಕ್ಕೆ ಒಪ್ಪಿಗೆಯ ಗುರುತು ಹಾಕಿದ್ದಾಳೆ. ಫಾರ್ಮ್ ಒಯ್ಯುವ ಹೆಂಗಸು ಮುಂದಿನ ಗುರುವಾರ ಬರುತ್ತಾಳೆ. ಅಷ್ಟರೊಳಗೆ ಕೊಲೀನ್‌ಗೆ ಫೋನ್ ಮಾಡಿ, ನಿನ್ನ ಹೆಸರು ಬರೆಯಬೇಕೋ ಬೇಡವೋ ಹೇಳು. ಬೇಡ ಎನ್ನುವುದಾದರೂ ನೀನೇ ಹೇಳು, ನನ್ನ ಬಾಯಲ್ಲಿ ಹೇಳಿಸಬೇಡ.