ಪಪ್ಪನ ತಲೆಯ ಕಾವಲುಗಾರರು

ಜೂನ್ 3, ಮಂಗಳವಾರ

ಪಪ್ಪನಿಗೆ ಶೇವ್ ಮಾಡಿ ಮುಗಿದಿರಲಿಲ್ಲ, ಸಂಚಿತಾ ಬಂದಳು. ಒಂದು ಕೆನ್ನೆಯಲ್ಲಿ ನೊರೆ ಇರುವಂತೆಯೇ ನೆಟ್ಟಗೆ ಕೂತರು. ಬೆಳಿಗ್ಗೆಯಿಂದ ನನ್ನೊಡನೆ ಒಂದು ಮಾತಿಲ್ಲ. ತಮ್ಮ ತಂಗಿಯ ಮಗಳು ಬಂದರೆ ಪಪ್ಪನ ಪಾರ್ಕಿನ್‌ಸನ್ ಕೂಡ ರಜೆ ಹಾಕುತ್ತದೆ.

ಅವಳ ಸಂಶೋಧನೆಯದ್ದೇ ಮಾತು. ಮಿದುಳಿಗೆ ಸುತ್ತಿಕೊಂಡ ಪೊರೆಗಳಲ್ಲಿ ಕಾವಲಿನ ಜೀವಕೋಶಗಳಿವೆಯಂತೆ. ರೋಗಾಣು ತಡೆಯುವುದು, ಕಸ ಗುಡಿಸುವುದು ಕೆಲಸ. ವಯಸ್ಸಾದಾಗ ಅವೇ ಕೆರಳಿ ಒಳಗಿನ ನರಕೋಶಗಳನ್ನು ಕೆಡಿಸುತ್ತವೆಯೋ ಎಂದು ಸಂಶಯ.

“ಹೋಟೆಲಿನ ವಾಚ್‌ಮನ್ ಹಾಗೆ ಮಾರಾಯ್ತಿ,” ಎಂದರು ಮುಂಬಯಿಯಲ್ಲಿ ಹೋಟೆಲು ನಡೆಸಿದ ಪಪ್ಪ. “ಮುದುಕ ಆದ ಮೇಲೆ ಗಿರಾಕಿಗೇ ಬಡಿಯುವುದು.”

ಇಬ್ಬರೂ ನಕ್ಕರು. ನನ್ನ ಕನ್ನಡ ಎಂ.ಎ. ಬಗ್ಗೆ ಇವತ್ತಿನವರೆಗೆ ಒಂದು ಜೋಕೂ ಇಲ್ಲ.

ಜೂನ್ 8, ಭಾನುವಾರ

ಸತ್ತ ಮೇಲೆ ಮಿದುಳು ಅವಳ ಲ್ಯಾಬಿಗೆ, ಪೊರೆ ಸಮೇತ — ಪಪ್ಪನ ತೀರ್ಮಾನ. ನನ್ನ ಎದುರೇ ಸಂಚಿತಾಗೆ ಹೇಳಿದರು. ನನಗಲ್ಲ.

“ಕುಟುಂಬದವರು ಒಪ್ಪಬೇಕಂತೆ. ನೀನೇ ಸೈನ್ ಹಾಕು. ನಮ್ಮ ಬರಿಯವಳಲ್ವಾ?”

ಹೌದು. ನಮ್ಮ ತುಳುವರಲ್ಲಿ ಬರಿ, ಎಂದರೆ ಗೋತ್ರದಂಥದ್ದು, ತಾಯಿಯ ಕಡೆಯಿಂದ. ಪಪ್ಪನದ್ದು ಅವರ ತಂಗಿಯ ಮೂಲಕ ಸಂಚಿತಾಗೆ. ನನ್ನದು ತೀರಿಹೋದ ಅಮ್ಮನದ್ದು. ಪಪ್ಪನ ಕುಟುಂಬದ ಮನೆಯ ಪೂಜೆಗೆ ಹೋದರೆ ಅವಳು ಮನೆಯವಳು, ನಾನು ನೆಂಟರ ಪೈಕಿ.

“ಸರಕಾರಕ್ಕೆ ಬರಿ ಎಂತ ಗೊತ್ತುಂಟು ಮಾವ?” ಸಂಚಿತಾ ನಕ್ಕಳು. “ಮಗಳೇ ಒಪ್ಪಬೇಕು. ನಾನು ಲ್ಯಾಬಿನವಳು, ಹಾಕ್ಲಿಕ್ಕಿಲ್ಲ.”

ಆಗ ನನ್ನನ್ನು ನೋಡಿದರು. ಯೋಚಿಸುತ್ತೇನೆ ಎಂದೆ. ಇನ್ನು ಅವರು ನನಗಾಗಿ ಕಾಯಬೇಕು. ಎಷ್ಟು ಖುಷಿಯಾಯಿತು...

ಜೂನ್ 21, ಶನಿವಾರ

ಇನ್ನೂ ಯೋಚಿಸುತ್ತಿದ್ದೇನೆ. ಯೋಚಿಸಲು ಏನೂ ಇಲ್ಲ. ಪಪ್ಪನಿಗೆ ಸುಸ್ತು, ಸದ್ಯ ಬರಬೇಡ ಎಂದು ಸಂಚಿತಾಗೆ ಮೆಸೇಜ್ ಹಾಕಿದ್ದೇನೆ. ಸುಳ್ಳು. ಪಪ್ಪ ಗೇಟು ನೋಡುತ್ತಾ ಕೂರುತ್ತಾರೆ. ನೋಡಲಿ.

ಜೂನ್ 24, ಸಂಜೆ

ತಲೆಗೆ ಎಣ್ಣೆ ಹಚ್ಚುತ್ತಿದ್ದೆ.

“ಸಂಚಿತಾ ಯಾಕೆ ಬರುವುದಿಲ್ಲ?”

“ಕೆಲಸ ಉಂಟಂತೆ.”

“ಅವಳತ್ರ ಒಂದು ಕೇಳ್ಲಿಕ್ಕಿತ್ತು.”

“ನನ್ನತ್ರ ಕೇಳಿ.”

“ನಿನ್ನತ್ರ ಹೇಗೆ ಕೇಳುವುದು ಯಶ್ಮಿ... ಮಿದುಳು ತೆಗೆದ್ರೆ ಮುಖ ಹಾಳಾಗ್ತದಾ ಅಂತ. ಕೊನೆಗೆ ನೋಡುವವಳು ನೀನಲ್ವಾ. ಹೆದರ್ತಿ.”

ಕೈಯ ಎಣ್ಣೆ ಒರೆಸಿಕೊಂಡೆ.

ಹೊರಗೆ ಬಂದು ಸಂಚಿತಾಗೆ ಫೋನ್ ಮಾಡಿದೆ. ಮುಖಕ್ಕೆ ಏನೂ ಆಗುವುದಿಲ್ಲವಂತೆ. “ಯಾರು ಕೇಳಿದ್ದು, ಮಾವನಾ?” ಎಂದಳು. ಅಲ್ಲ, ನಾನೇ ಎಂದೆ. ಪಪ್ಪನ ಆ ಮಾತನ್ನು ಅವಳಿಗೆ ಕೊಡಲು ಮನಸ್ಸಾಗಲಿಲ್ಲ. ಸೈನ್ ಹಾಕುತ್ತೇನೆ, ಭಾನುವಾರ ಬಾ ಎಂದೆ.

ಇನ್ನು ಪಪ್ಪನಿಗೆ ಹೇಳಬೇಕು. ಮುಖ ಹಾಗೆಯೇ ಇರುತ್ತದೆ, ನಾನು ಹೆದರುವುದಿಲ್ಲ, ಆದರೆ ಅದಕ್ಕೆ ಮೊದಲು, ಸಂಚಿತಾಗೆ ಬರಬೇಡ ಎಂದದ್ದು ನಾನೇ ಎಂದು.