ಹತ್ತು ಪತ್ರಿಕೆ ಹೆಚ್ಚಿಗೆ ಓದಿದ ತಪ್ಪಿಗೆ

ಪದವಿಗಳ ಸಮಾನತೆ ನಿರ್ಧರಿಸುವ ಸಮಿತಿಯ ಅಧ್ಯಕ್ಷರೇ,

ಆರು ವರ್ಷಗಳಿಂದ ಹೈಸ್ಕೂಲಿನಲ್ಲಿ ತಾತ್ಕಾಲಿಕವಾಗಿ ಗಣಿತ ಕಲಿಸುತ್ತಿರುವ ನನ್ನ ಅಕ್ಕನಿಗೆ ಗಣಿತದ ಪದವಿಯೇ ಇಲ್ಲವೆಂದು ತಾವು ತೀರ್ಪು ಕೊಟ್ಟಿದ್ದೀರಿ. ಈ ತಿಂಗಳ ಕೊನೆಗೆ ಆ ಹುದ್ದೆಯನ್ನು ಕಾಯಂ ಮಾಡುತ್ತಾರೆ. ತಮ್ಮ ಪ್ರಮಾಣಪತ್ರವಿಲ್ಲದಿದ್ದರೆ ಅದು ಬೇರೆಯವರ ಪಾಲು.

ಅವಳು ಓದಿದ್ದು ಬೇರೊಂದು ದೇಶದಲ್ಲಿ. ಅಲ್ಲಿ ಗಣಿತದವರಿಗೂ ಇತಿಹಾಸ, ಭೂಗರ್ಭಶಾಸ್ತ್ರ, ಸಂಗೀತ ಕಲಿಸುತ್ತಾರೆ. ಇಲ್ಲಿ ಹದಿನೇಳನೇ ವಯಸ್ಸಿಗೆ ಒಂದು ವಿಷಯ ಆರಿಸಿಕೊಂಡರೆ ಆಮೇಲೆ ಅತ್ತಿತ್ತ ಕತ್ತು ತಿರುಗಿಸುವಂತಿಲ್ಲ. ಎರಡು ಪದ್ಧತಿಗಳು ಬೇರೆ ಎಂಬ ಕಾರಣಕ್ಕೇ ಅಲ್ಲವೇ ತಮ್ಮ ಸಮಿತಿ ಹುಟ್ಟಿದ್ದು?

ತಮ್ಮ ಗುಮಾಸ್ತರು ಅಂಕಪಟ್ಟಿಯ ಮೇಲೆ ಸ್ಕೇಲಿಟ್ಟು ಸಾಲು ಎಣಿಸಿದರು.

“ನಲವತ್ತು ಪತ್ರಿಕೇಲಿ ಗಣಿತ ಹದಿನೆಂಟೇ ಇದೆಯಲ್ಲಮ್ಮ. ಶೇಕಡಾ ಅರವತ್ತು ಬೇಕು. ಈ ಸಂಗೀತ ಯಾಕೆ ತಗೊಂಡ್ರಿ?”

“ಇಷ್ಟ ಇತ್ತು ಸರ್,” ಎಂದಳು ಅಕ್ಕ.

“ಇಷ್ಟಕ್ಕೆಲ್ಲ ನಮ್ಮಲ್ಲಿ ಕಾಲಂ ಇಲ್ಲ ನೋಡಿ.”

ಇಲ್ಲಿನ ಪದವೀಧರರು ಓದುವುದು ಒಟ್ಟು ಇಪ್ಪತ್ತು ಪತ್ರಿಕೆ, ಅದರಲ್ಲಿ ಗಣಿತ ಹದಿನೈದು. ಅವರು ಅರ್ಹರು. ಹದಿನೆಂಟು ಓದಿದವಳು ಅನರ್ಹಳು. ಉಳಿದ ವಿಷಯಗಳಲ್ಲಿ ಹತ್ತು ಪತ್ರಿಕೆ ಓದದೇ ಬಿಟ್ಟಿದ್ದರೆ ಇದೇ ಗಣಿತಕ್ಕೆ ಶೇಕಡಾ ಅರವತ್ತು ಬಂದು, ಇವತ್ತು ಅವಳೂ ಅರ್ಹಳಾಗುತ್ತಿದ್ದಳು. ಅಜ್ಞಾನಕ್ಕೆ ಹೀಗೆ ಕೃಪಾಂಕ ಕೊಡುವ ಲೆಕ್ಕವನ್ನು ತಾವು ಯಾವ ಶಾಲೆಯಲ್ಲಿ ಕಲಿತಿರಿ?

ಪರಿಹಾರವನ್ನೂ ತಾವೇ ದಯಪಾಲಿಸಿದ್ದೀರಿ: ಇಲ್ಲಿನ ಕಾಲೇಜಿಗೆ ಸೇರಿ ಮೊದಲನೇ ವರ್ಷದಿಂದ ಮತ್ತೆ ಓದಬೇಕಂತೆ. ಆ ತರಗತಿಯಲ್ಲಿ ಈಗ ಕೂತಿರುವವರು ಅಕ್ಕನ ಕೈಯಲ್ಲೇ ಕಲಿತ ಮಕ್ಕಳು. ಒಬ್ಬಳು ದಾರಿಯಲ್ಲಿ ಸಿಕ್ಕಿ, “ಮಿಸ್, ನಮ್ಮ ಬೆಂಚಲ್ಲೇ ಜಾಗ ಇಟ್ಟಿರ್ತೀವಿ. ಆದ್ರೆ ಪರೀಕ್ಷೇಲಿ ಸ್ವಲ್ಪ ತೋರಿಸ್ಬೇಕು,” ಎಂದಳು. ಅಕ್ಕ ನಕ್ಕಳು. ಮನೆಗೆ ಬಂದವಳು ಕೋಣೆಯ ಬಾಗಿಲು ಹಾಕಿಕೊಂಡಳು.

ಇನ್ನೊಂದು ಮಾತು ಹೇಳಲೇಬೇಕು. ಅರ್ಜಿ ತುಂಬುವಾಗ ಅಮ್ಮ, “ಆ ಹಾಡುಗೀಡಿನ ಪುಟ ತೆಗೆದಿಟ್ಟು ಕೊಡೇ, ಯಾರು ಕೇಳ್ತಾರೆ?” ಎಂದಿದ್ದಳು. ಹೋರಾಟದ ಕರಪತ್ರಗಳನ್ನು ಓದಿ ಬೆಳೆದ ನಾನು ಅಡ್ಡ ನಿಂತೆ. ಓದಿದ್ದನ್ನು ಮುಚ್ಚಿಡುವುದು ಅವಮಾನ, ಎಲ್ಲ ಪುಟಗಳನ್ನೂ ಕೊಡು ಎಂದು ಹಟ ಹಿಡಿದೆ. ಅಕ್ಕ ಕೊಟ್ಟಳು. ಆ ಪುಟದಲ್ಲಿದ್ದದ್ದು ಸರಿಯಾಗಿ ಹತ್ತು ಪತ್ರಿಕೆ. ಒಮ್ಮೆ ಸಲ್ಲಿಸಿದ ದಾಖಲೆ ಬದಲಿಸುವಂತಿಲ್ಲ ಎಂಬುದೂ ತಮ್ಮದೇ ನಿಯಮ. ಅಕ್ಕ ನನ್ನನ್ನು ಇವತ್ತಿನವರೆಗೂ ಬೈದಿಲ್ಲ. ಬೈದಿದ್ದರೆ ಆ ಮನೆಯಲ್ಲಿ ನನಗೆ ಉಸಿರಾಡಲು ಸ್ವಲ್ಪ ಜಾಗ ಸಿಗುತ್ತಿತ್ತು.

ಆದ್ದರಿಂದ ಕೇಳುತ್ತಿದ್ದೇನೆ: ತಿಂಗಳು ಮುಗಿಯುವುದರೊಳಗೆ ಶೇಕಡಾವಾರು ಬಿಟ್ಟು ಪತ್ರಿಕೆಗಳನ್ನೇ ಎಣಿಸಿ. ಅದು ಆಗದಿದ್ದರೆ, ಅವಳಿಗೆ ಯಾವ ಗಣಿತ ಬರುವುದಿಲ್ಲವೆಂದು ಸ್ಪಷ್ಟವಾಗಿ ಬರೆದು, ಕೆಳಗೆ ತಮ್ಮ ಸಹಿ ಹಾಕಿ ಕೊಡಿ.

ಇಂತಿ,
ಯಾವ ಪದವಿಯೂ ಇಲ್ಲದ್ದರಿಂದ ತಮ್ಮ ಕೈಗೆ ಸಿಗದೆ ಉಳಿದ
ಅವಳ ತಂಗಿ