ನೂರಿಪ್ಪತ್ತು ತೋರಿಸಿದ ಮೀಟರು

ಜೂನ್ ೧೪, ಮಂಗಳವಾರ

ಪ್ರೀತಿಯ ಮರಿ,

ನಿನ್ನಪ್ಪನ ಆಶೀರ್ವಾದಗಳು. ನಿನ್ನ ಮೂರು ಕಾಗದ ಬಂದರೂ ಒಂದಕ್ಕೂ ಉತ್ತರ ಬರೆಯಲಿಲ್ಲ. ಗ್ಯಾರೇಜಿನಲ್ಲಿ ಕೈತುಂಬ ಕೆಲಸ ಎನ್ನಬಹುದಿತ್ತು, ಬೆನ್ನುನೋವು ಎನ್ನಬಹುದಿತ್ತು. ಎರಡೂ ನೆಪ. ಬರೆಯಲು ನನಗೆ ಮುಖವಿರಲಿಲ್ಲ.

ಅಮ್ಮ ಚೆನ್ನಾಗಿದ್ದಾಳೆ. ಒಳ್ಳೇ ಟವೆಲ್ಲಿಗೆ ಗ್ರೀಸು ಒರೆಸಿದೆನೆಂದು ಎರಡು ದಿನದಿಂದ ಮಾತು ಬಿಟ್ಟಿದ್ದಾಳೆ, ಅಂದರೆ ಮನೆಯಲ್ಲಿ ಎಲ್ಲ ಮಾಮೂಲು. ನಿನ್ನ ಸ್ಪ್ಯಾನರುಗಳನ್ನು ಗೋಡೆಯಿಂದ ಇಳಿಸಿಲ್ಲ.

ಮೊನ್ನೆ ನನ್ನಕ್ಕ, ನೀನೀಗ ಇರುವ ಮನೆಯ ನಿನ್ನ ಅತ್ತೆ, ಫೋನು ಮಾಡಿದ್ದಳು. "ಮಿಕ್ಸಿ ವೈರು ಬಿಟ್ಟಿತ್ತು ಕಣೋ, ನೋಡೇ ಅಂದ್ರೆ ನಿನ್ ಮಗಳು ಮುಟ್ಟಲೇ ಇಲ್ಲ. 'ನಾನು ಮುಟ್ಟಿದ್ದೆಲ್ಲ ಕೆಡುತ್ತೆ ಅತ್ತೆ' ಅಂದ್ಲು. ಹೋಗಿ ಬಟ್ಟೆ ಅಂಗಡೀಲಿ ಸೀರೆ ಮಡಚ್ತಾಳೆ. ಏನೋ ಮಾಡಿದೀಯ ಆ ಹುಡುಗಿಗೆ?" ಎಂದಳು.

ಮರಿ, ನಾವಿಬ್ಬರೂ ಸೇರಿ ರೆಡಿ ಮಾಡಿದ ವಕೀಲರ ರೇಸ್ ಕಾರಿನ ಇಂಜಿನ್ ಸುಟ್ಟಿದ್ದು ನಿನ್ನಿಂದಲ್ಲ, ನನ್ನಿಂದ. ಹೋದ ವಾರ ಲ್ಯಾಪ್‌ಟಾಪಿನಲ್ಲಿ ಆ ದಿನದ ಫೈಲು ಕಣ್ಣಿಗೆ ಬಿದ್ದು ಗೊತ್ತಾಯಿತು.

ಆ ಕಾರಿಗೆ ಹೊಸ ಕಂಪ್ಯೂಟರ್ ಕೂರಿಸಿ ಸೆನ್ಸರ್ ಎಲ್ಲ ಜೋಡಿಸಿದವಳು ನೀನು. ಆಯಿಲ್ ಪ್ರೆಶರನ್ನು ನೀನು ಬಾರ್ ಅಳತೆಯಲ್ಲಿ ಇಟ್ಟಿದ್ದೆ. ನನ್ನದು ಹಳೇ ತಲೆ, ಪಿಎಸ್‌ಐ ಅಳತೆ ಬಿಟ್ಟರೆ ಓಡದು. ಡಿಸ್‌ಪ್ಲೇ 'ನಾಲ್ಕು' ಎಂದರೆ ನನಗೇನೂ ಹತ್ತುವುದಿಲ್ಲ, 'ಅರವತ್ತು' ಅನ್ನಬೇಕು. ನಿನ್ನನ್ನು ಕೇಳಿದ್ದರೆ ನೀನು ಅರೆಗಳಿಗೆಯಲ್ಲಿ ಬದಲಾಯಿಸಿ ಕೊಡುತ್ತಿದ್ದೆ. ಮಗಳನ್ನು ಕೇಳುವುದೇ ಎಂದು ನಾನೇ ಕೈ ಹಾಕಿದೆ. ಮೊದಲು ಡಿಸ್‌ಪ್ಲೇ ಪುಟದಲ್ಲಿ ಪಿಎಸ್‌ಐ ಮಾಡಿದೆ. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಯಾವ ಸೆನ್ಸರ್ ಇದೆ ಎಂದು ಕಂಪ್ಯೂಟರಿಗೆ ಹೇಳುವ ಪುಟಕ್ಕೂ ಹೋಗಿ, ಅಲ್ಲೂ ಬಾರ್ ತೆಗೆಯಬೇಕೆಂದುಕೊಂಡು, ಪಟ್ಟಿಯಲ್ಲಿ ಪಿಎಸ್‌ಐ ಎಂದು ಬರೆದಿದ್ದ ಬೇರೆ ಸೆನ್ಸರಿನ ಹೆಸರನ್ನು ಆರಿಸಿದೆ. ಅದು ಕಾರಿನಲ್ಲಿದ್ದ ಸೆನ್ಸರಿನ ಎರಡರಷ್ಟು ಪ್ರೆಶರ್ ಅಳೆಯುವ ಜಾತಿ. ಅರವತ್ತಿದ್ದ ಪ್ರೆಶರನ್ನು ಕಂಪ್ಯೂಟರ್ ನೂರಿಪ್ಪತ್ತು ಎನ್ನತೊಡಗಿತು.

ನಾನೋ, ಹೊಸ ಆಯಿಲ್ ಪಂಪು ಹಾಕಿದವನು ನಾನೇ ಎಂದು ಬೀಗಿದೆ. ನೀನು ಬಂದು ನೋಡಿ, "ಇಷ್ಟೊಂದು ಹೇಗೆ ಬರುತ್ತೆ ಅಪ್ಪಾ? ನೀವೇನಾದ್ರೂ ಮುಟ್ಟಿದ್ರಾ?" ಎಂದೆ. "ತೋರಿಸೋ ಅಳತೆ ಅಷ್ಟೇ ಬದಲಾಯಿಸಿದೆ" ಎಂದೆ ನಾನು. "ಹಳೇ ಮುಳ್ಳಿನ ಮೀಟರ್ ಹಾಕಿ ಒಂದ್ಸಲ ನೋಡೋಣ" ಎಂದೆ ನೀನು. "ನಿಮ್ಮಪ್ಪನ ಕೈಮೇಲೆ ನಂಬಿಕೆ ಇಲ್ವೇನೇ?" ಎಂದು ನಿನ್ನ ಬಾಯಿ ಮುಚ್ಚಿಸಿದೆ.

ಟ್ರ್ಯಾಕಿನ ಮೂರನೇ ಸುತ್ತಿನಲ್ಲಿ ಪೈಪು ಸೋರಿ ಪ್ರೆಶರ್ ಹದಿನೈದಕ್ಕೆ ಇಳಿದಾಗ ಡಿಸ್‌ಪ್ಲೇ ಮೂವತ್ತು ಎಂದಿತು. ಇಪ್ಪತ್ತೈದಕ್ಕೆ ಇಳಿದರೆ ಹತ್ತಬೇಕಾದ ಕೆಂಪು ದೀಪ ಹತ್ತಲಿಲ್ಲ, ಇಂಜಿನ್ ಸುಟ್ಟು ಬಿಗಿದು ಸೀಜ್ ಆಯಿತು. ವಕೀಲರು ಇಳಿದು ಬಂದು "ದೀಪ ಯಾಕ್ರೀ ಹತ್ತಲಿಲ್ಲ?" ಎಂದರು. ಎಲ್ಲರೆದುರು ನಿನ್ನತ್ತ ಬೆರಳು ತೋರಿಸಿ, "ಸೆನ್ಸರ್ ಕೆಲಸ ಪೂರ್ತಿ ಇವಳದ್ದು ಸಾರ್" ಎಂದೆ. ನೀನು ನನ್ನ ಮುಖ ನೋಡಿ, ನಲ್ಲಿಯ ಕಡೆ ನಡೆದುಬಿಟ್ಟೆ.

ನಿನ್ನೆ ವಕೀಲರ ಆಫೀಸಿಗೆ ಹೋಗಿ ತಪ್ಪು ನನ್ನದೆಂದು ಹೇಳಿಬಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ನನಗೆ ಹೇಳಿ ಏನು ಬಂತು, ಮಗಳಿಗೆ ಹೇಳ್ರಿ" ಎಂದರು. ಬೈದಿದ್ದರೆ ವಾಸಿಯಿತ್ತು. ಹೊಸ ಇಂಜಿನ್ನಿನ ವೈರಿಂಗಿಗೆ ನೀನೇ ಬೇಕಂತೆ. ಬಾ ಎಂದು ಕರೆಯುವ ಯೋಗ್ಯತೆ ನನಗಿಲ್ಲ, ಅವರು ಕೇಳಿದ್ದನ್ನು ತಿಳಿಸುತ್ತಿದ್ದೇನೆ.

ನಿನ್ನ ಕೈ ಚಿನ್ನದಂಥದ್ದು. ಎಲ್ಲೇ ಇರು, ಏನೇ ಮಾಡು, ಆ ಕೈಯನ್ನು ಮಾತ್ರ ದೂರಬೇಡ. ಚೆನ್ನಾಗಿ ಉಣ್ಣು, ನಿನಗೆ ಒಳ್ಳೆಯದಾಗಲಿ.

ಇಂತಿ,
ನಿನ್ನ ಅಪ್ಪ

ತಾ.ಕ.: ಕವರಿಗೆ ಅಂಟು ಹಚ್ಚಿದವನು ಮತ್ತೆ ಬಿಚ್ಚಿದೆ. ಹೋದ ವಾರ ಗೊತ್ತಾಯಿತು ಎಂದು ಬರೆದದ್ದು ಸುಳ್ಳು. ಆ ದಿನವೇ ಗೊತ್ತಿತ್ತು. ನೀನು ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದಾಗ ಲ್ಯಾಪ್‌ಟಾಪ್ ಹಚ್ಚಿ ನೋಡಿದೆ, ನನ್ನ ತಪ್ಪು ಕಂಡಿತು. ನೀನು ಆರಿಸಿದ್ದ ಸೆನ್ಸರನ್ನೇ ಆ ಪುಟದಲ್ಲಿ ತಿರುಗಿ ಹಾಕಿ ನಾನು ಸೇವ್ ಮಾಡಿಬಿಟ್ಟೆ. ಆಮೇಲೆ ನೀನು ಬಂದು ಒಂದೊಂದೇ ಪುಟ ತೆಗೆದು ನೋಡಿ, "ಇಲ್ಲೆಲ್ಲ ಸರಿಯಾಗೇ ಇದೆ ಅಪ್ಪಾ. ಹಾಗಾದ್ರೆ ನನ್ನ ವೈರಿಂಗೇ ತಪ್ಪಿರಬೇಕು" ಎಂದೆ. ನಾನು "ಇರಬಹುದು" ಎಂದೆ.